ತಮ್ಮನ ಹೆಂಡತಿ ಹಾಕಿದ ಅರ್ಜಿ

ನನ್ನ ಮೇಲೆ ಕೋರ್ಟಿನಲ್ಲಿ ಅರ್ಜಿ ಹಾಕಿದವಳು ನನ್ನ ತಮ್ಮನ ಹೆಂಡತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಡೆಟ್ರಾಯಿಟ್ ಸುತ್ತಮುತ್ತಲಿನ ನಮ್ಮ ಕನ್ನಡದವರ ಬಾಯಲ್ಲಿ ಈ ಕತೆ ಇಷ್ಟಕ್ಕೇ ನಿಂತುಹೋಗಿದೆ: ಗಂಡನ ಅಕ್ಕನಿಗೆ ತಲೆ ಸರಿಯಿಲ್ಲ ಅಂತ ಕೋರ್ಟಿಗೆ ಎಳೆದಳು. ಎಳೆದದ್ದು ನಿಜ. ಆಮೇಲೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಾನಿರುವುದು ರಾಚೆಸ್ಟರ್ ಹಿಲ್ಸ್‌ನ ಒಂದು ಚಿಕ್ಕ ಟೌನ್‌ಹೌಸಿನಲ್ಲಿ, ಒಬ್ಬಳೇ. ಮದುವೆಯಾಗಿತ್ತು, ಅದು ಮುಗಿದು ಬಹಳ ಕಾಲವಾಯಿತು. ಕಾರಿನ ಬಿಡಿಭಾಗಗಳನ್ನು ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಕಾರಿನ ಸೀಟಿನೊಳಗೆ ತೆಳುವಾದ ಹಾಳೆಯಂಥ ಸೆನ್ಸರ್ ಒಂದಿರುತ್ತದೆ. ತನ್ನ ಮೇಲೆ ಕೂತಿರುವುದು ಮನುಷ್ಯನೋ ದಿನಸಿ ಚೀಲವೋ ಎಂದು ಅದು ಹೇಳಬೇಕು. ಸರಿಯಾಗಿ ಹೇಳುತ್ತಿದೆಯೇ ಎಂದು ಪರೀಕ್ಷಿಸುವವಳು ನಾನು. ಕೂದಲೆಳೆಯಂಥ ತಂತಿಗಳನ್ನು ಮೈಕ್ರೋಸ್ಕೋಪಿನ ಕೆಳಗೆ ಜೋಡಿಸಬೇಕಾಗುತ್ತದೆ. ಆ ಕೆಲಸಕ್ಕೆ ಕೈ ನಡುಗಬಾರದು.

ತಮ್ಮನ ಮನೆ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ, ಕಾರಿನಲ್ಲಿ ಅರ್ಧ ಗಂಟೆ. ನಾವಿಬ್ಬರೂ ಮೈಸೂರಿನವರು, ಅವನ ಹೆಂಡತಿ ಧಾರವಾಡದವಳು. ಇಲ್ಲಿ ಒಂದು ಡೇ ಕೇರ್‌ನಲ್ಲಿ ಟೀಚರ್. ನನ್ನನ್ನು ಅವಳು ಕರೆಯುವುದು ‘ಅಕ್ಕಾರ’ ಎಂದು. ಮದುವೆಯಾಗಿ ಬಂದಾಗಿನಿಂದ ಪ್ರತಿ ಶನಿವಾರ ನನ್ನ ಮನೆಗೆ ಊಟದ ಡಬ್ಬಿ ತರುತ್ತಿದ್ದಳು. ಅದರ ಹೊರತು ನಮ್ಮ ನಡುವೆ ಹೆಚ್ಚಿನ ಮಾತುಕತೆ ಇರಲಿಲ್ಲ. ನಾನು ಮಾತು ಕಡಿಮೆ, ಅವಳಿಗೆ ನನ್ನ ಮೇಲೆ ಗೌರವ ಜಾಸ್ತಿ. ಎರಡೂ ಸೇರಿದರೆ ಸ್ನೇಹಕ್ಕೆ ಜಾಗ ಉಳಿಯುವುದಿಲ್ಲ.

ನನ್ನ ಕಾಯಿಲೆಯ ಹೆಸರನ್ನು ವೈದ್ಯರು ಎರಡು ಸಲ ಬದಲಾಯಿಸಿದ್ದಾರೆ. ಅವರೇ ಮೊದಲು ಖಚಿತಪಡಿಸಿಕೊಳ್ಳಲಿ ಎಂದು ನಾನು ಯಾವ ಹೆಸರನ್ನೂ ಬಳಸುವುದಿಲ್ಲ. ಅದು ಶುರುವಾದದ್ದು ನನ್ನ ಕೆಲಸದ ಭಾಷೆಯಲ್ಲೇ. ಮನೆಯಲ್ಲಿರುವ ಸೆನ್ಸರುಗಳು ನನ್ನನ್ನು ಕೇಳಿಸಿಕೊಳ್ಳುತ್ತಿವೆ ಎಂಬ ಅನುಮಾನ ಬಂತು. ಕೆಲವು ವಾರಗಳಲ್ಲಿ ಅದು ಅನುಮಾನವಾಗಿ ಉಳಿಯಲಿಲ್ಲ. ಹೊಗೆ ಕಂಡರೆ ಕೂಗುವ, ಚಾವಣಿಯ ಸ್ಮೋಕ್ ಅಲಾರಂಗಳನ್ನು ಬಿಚ್ಚಿದೆ. ಆಮೇಲೆ ಗೋಡೆಯ ಥರ್ಮೋಸ್ಟಾಟನ್ನೂ ಬಿಚ್ಚಿದೆ. ಅದು ಜನವರಿ. ಥರ್ಮೋಸ್ಟಾಟ್ ಇಲ್ಲದೆ ಹೀಟರ್ ನಡೆಯುವುದಿಲ್ಲ. ಹೊರಗೆ ಸೊನ್ನೆ ಡಿಗ್ರಿ, ಫ್ಯಾರನ್‌ಹೀಟ್ ಲೆಕ್ಕದ ಸೊನ್ನೆ; ನಮ್ಮೂರ ಲೆಕ್ಕದಲ್ಲಿ ಮೈನಸ್ ಹದಿನೆಂಟು. ಎರಡು ಕೋಟು ಹಾಕಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಈಗ ನೆನೆದರೆ ಆಶ್ಚರ್ಯವಾಗುತ್ತದೆ, ನಾನು ನೆಮ್ಮದಿಯಾಗಿದ್ದೆ. ನನ್ನನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಫೋನು ತೆಗೆಯಲಿಲ್ಲವೆಂದು ತಮ್ಮನೂ ಅವನ ಹೆಂಡತಿಯೂ ಬಂದು ಬಾಗಿಲು ತೆರೆದರು. ಅಷ್ಟರಲ್ಲಿ ಮಹಡಿಯಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೆದಿತ್ತು. ನನ್ನ ಬೆರಳ ತುದಿಗಳು ನೀಲಿಗಟ್ಟಿದ್ದವು. ಅವಳು ನನ್ನ ಎರಡೂ ಕೈಗಳನ್ನು ತನ್ನ ಸ್ವೆಟರಿನೊಳಗೆ, ಕಂಕುಳಲ್ಲಿ ಅವುಚಿಕೊಂಡು ಆಂಬ್ಯುಲೆನ್ಸ್ ಬರುವ ತನಕ ಕೂತಿದ್ದಳಂತೆ. ನನಗೆ ಅದು ನೆನಪಿಲ್ಲ. ತಮ್ಮ ಹೇಳಿದ್ದು.

ಆಸ್ಪತ್ರೆಯಿಂದ ಬರುವಾಗ ತಿಂಗಳಿಗೊಂದು ಇಂಜೆಕ್ಷನ್ ಎಂದು ಬರೆದುಕೊಟ್ಟರು. ಅದರಿಂದ ತಲೆಯೊಳಗಿನ ಗದ್ದಲ ಅಡಗಿತು, ಸುಳ್ಳು ಹೇಳಬಾರದು. ಆದರೆ ಕಾಲಿನೊಳಗೆ ಇನ್ನೊಬ್ಬರು ಓಡತೊಡಗಿದರು. ಒಂದು ತಟ್ಟೆ ಅನ್ನ ಉಣ್ಣುವಷ್ಟು ಹೊತ್ತು ಕೂರಲಾಗುತ್ತಿರಲಿಲ್ಲ. ಎದ್ದು ತಿರುಗುತ್ತಿದ್ದೆ, ಕೂರುತ್ತಿದ್ದೆ, ಮತ್ತೆ ಎದ್ದು ತಿರುಗುತ್ತಿದ್ದೆ. ಕೈ ನಡುಕ ಬೇರೆ. ಲ್ಯಾಬಿಗೆ ಹೋಗುವ ಮಾತೇ ಇರಲಿಲ್ಲ, ರಜೆ ಮುಂದುವರಿಸಿದೆ. ಡಾಕ್ಟರರಿಗೆ ಹೇಳಿದರೆ, “ದೇಹ ಹೊಂದಿಕೊಳ್ಳುತ್ತದೆ, ಸ್ವಲ್ಪ ಕಾಯಿರಿ” ಎಂದರು. ಕಾದೆ. ಬೇಸಿಗೆ ಬಂದ ಮೇಲೆ ಕಾಯುವುದನ್ನೂ ನಿಲ್ಲಿಸಿದೆ, ಇಂಜೆಕ್ಷನ್ನಿಗೆ ಹೋಗುವುದನ್ನೂ ನಿಲ್ಲಿಸಿದೆ. ಯಾರಿಗೂ ಹೇಳಲಿಲ್ಲ.

ಕೈ ನಡುಕ ನಿಂತಿತು. ಮೇಜಿನ ಮುಂದೆ ಕೂತು ಸಮಾಧಾನವಾಗಿ ಊಟ ಮಾಡಿದ ಮೊದಲ ದಿನ ನನಗೆ ಹಬ್ಬದಂತಿತ್ತು. ಎಲೆ ಉದುರುವ ಹೊತ್ತಿಗೆ ಹಳೆಯ ಅನುಮಾನ ಮೆತ್ತಗೆ ಹಿಂದಿರುಗಿತು. ನಾನು ಅದನ್ನು ಹೋಗೆನ್ನಲಿಲ್ಲ. ಒಂದು ಶನಿವಾರ ಡಬ್ಬಿ ತಂದವಳು ತಲೆಯೆತ್ತಿ ನೋಡಿದಳು. ಚಾವಣಿಯಲ್ಲಿ ನಾನು ಮತ್ತೆ ಬಿಚ್ಚಿದ್ದ ಅಲಾರಂಗಳ ಜಾಗದಿಂದ ತಂತಿಗಳು ಜೋತಾಡುತ್ತಿದ್ದವು. “ಅಕ್ಕಾರ, ಇನ್ನ ಥಂಡಿ ಶುರು ಆಗ್ತದ” ಎಂದಳು. ಅಷ್ಟೇ. ಡಬ್ಬಿಯಿಟ್ಟು ಹೋದಳು.

ಆ ಸಂಜೆ ಅವರ ಮನೆಯಲ್ಲಿ ನಡೆದ ಮಾತು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ, ತಮ್ಮನಿಂದ. ವಿಲ್ಲು, ಮಾನಸಿಕ ಕಾಯಿಲೆಯಂಥ ವಿಷಯ ನೋಡುವ ಪ್ರೊಬೇಟ್ ಕೋರ್ಟಿಗೆ ಅರ್ಜಿ ಕೊಡಬಹುದು, ಆಸ್ಪತ್ರೆಗೆ ಸೇರಿಸದೆ ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ತೆಗೆದುಕೊಳ್ಳಬೇಕೆಂದು ಜಡ್ಜ್ ಆದೇಶ ಮಾಡಬಹುದು ಎಂದು ಅವಳು ಎಲ್ಲೋ ವಿಚಾರಿಸಿ ತಿಳಿದುಕೊಂಡಿದ್ದಳು. ತಮ್ಮ ಹೌಹಾರಿದನಂತೆ.

“ಅಕ್ಕನ ಮೇಲೆ ಕೇಸಾ? ನನ್ನ ಕೈಲಾಗಲ್ಲ. ನಾನು ಸೈನ್ ಮಾಡಲ್ಲ.”

“ಹಂಗಾರ ನಾ ಮಾಡ್ತೀನಿ. ನೀವು ಅವರ ತಮ್ಮ ಆಗೇ ಇರ್ರಿ.”

ಮುಂದಿನ ವಾರ ಹಾಡಹಗಲಿನಲ್ಲಿ ಕೌಂಟಿಯ, ಅಂದರೆ ಜಿಲ್ಲೆಯ, ಪೊಲೀಸ್ ಸಮವಸ್ತ್ರದ ಒಬ್ಬ ಡೆಪ್ಯುಟಿ ಬಾಗಿಲು ತಟ್ಟಿ, ಬಹಳ ಮರ್ಯಾದೆಯಿಂದಲೇ, ಕಾಗದಗಳನ್ನು ಕೈಗೆ ಕೊಟ್ಟು ಹೋದ. ಅರ್ಜಿದಾರರ ಜಾಗದಲ್ಲಿ ಅವಳ ಹೆಸರಿತ್ತು. ನನಗೆ ತಿಳಿವಳಿಕೆ ಕುಂದಿದೆ, ಚಿಕಿತ್ಸೆ ಬೇಕೆಂಬುದು ನನಗೇ ಅರ್ಥವಾಗುತ್ತಿಲ್ಲ, ಹೀಗೇ ಬಿಟ್ಟರೆ ಅಪಾಯವಾಗಬಹುದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹೊರಗೆ ಒಳ್ಳೆಯ ಬಿಸಿಲು. ಮನೆಯಲ್ಲಿ ಹೀಟರ್ ಸರಿಯಾಗಿಯೇ ನಡೆಯುತ್ತಿತ್ತು, ಈ ಸಲ ಥರ್ಮೋಸ್ಟಾಟನ್ನು ಮುಟ್ಟಿರಲಿಲ್ಲ. ಹೋದ ಚಳಿಗಾಲದಲ್ಲಿ ಬಂದ ಅಪಾಯವನ್ನು ಹಿಡಿದು ಈಗ, ಇನ್ನೂ ಬಂದಿಲ್ಲದ ಅಪಾಯಕ್ಕೆ ನನ್ನನ್ನು ಕಟ್ಟಿಹಾಕುತ್ತಾರೆಯೇ? ಸಿಟ್ಟಿನಿಂದ ಮೈ ಬಿಸಿಯಾಯಿತು. ಆ ಪ್ರಶ್ನೆ ಕಾಯಿಲೆಯದಾಗಿರಲಿಲ್ಲ. ಅದು ನನ್ನದೇ, ಇವತ್ತಿಗೂ ನನ್ನದೇ.

ಕೋರ್ಟು ನನಗೊಬ್ಬ ವಕೀಲರನ್ನು ನೇಮಿಸಿತು. ನನ್ನ ಅರ್ಧ ವಯಸ್ಸಿನ ಹುಡುಗಿ, ನೆಗಡಿಯಿಂದ ಮೂಗು ಕೆಂಪಾಗಿತ್ತು. ಮನೆಗೆ ಬಂದು ಬೂಟು ಕಳಚಿ, ಜೋತಾಡುವ ತಂತಿಗಳನ್ನು ಒಮ್ಮೆ ನೋಡಿ, ಅವುಗಳ ಬಗ್ಗೆ ಏನೂ ಹೇಳದೆ ಮೇಜಿನ ಮುಂದೆ ಕೂತಳು. ಅವಳ ಮೊದಲ ಪ್ರಶ್ನೆ: “ನಿಮಗೇನು ಬೇಕು?”

ಎಷ್ಟೋ ತಿಂಗಳಿಂದ ಎಲ್ಲರೂ ನನ್ನನ್ನು ‘ಹೇಗಿದ್ದೀರಿ’ ಎಂದು ಕೇಳುತ್ತಿದ್ದರು. ಏನು ಬೇಕು ಎಂದು ಯಾರೂ ಕೇಳಿರಲಿಲ್ಲ.

“ಆ ಇಂಜೆಕ್ಷನ್ ಬೇಡ. ನನ್ನ ಕೈ ನನಗೆ ಬೇಕು.”

ಅವಳು ಬರೆದುಕೊಂಡಳು. ಕಾಲಿನ ಚಡಪಡಿಕೆ, ಊಟಕ್ಕೆ ಕೂರಲಾಗದ್ದು, ಕೈ ನಡುಕ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದಳು. ಬಳಿಕ ನನ್ನ ಹಕ್ಕುಗಳನ್ನು ಹೇಳಿದಳು. ನಾನು ಅರ್ಜಿಯನ್ನು ವಿರೋಧಿಸಬಹುದು. ಜ್ಯೂರಿ ಬೇಕೆನ್ನಬಹುದು. ಇನ್ನೊಬ್ಬ ಡಾಕ್ಟರರಿಂದ ಸ್ವತಂತ್ರ ತಪಾಸಣೆ ಕೇಳಬಹುದು.

“ಆದೇಶ ಆಗಿಬಿಟ್ಟರೆ? ನಾನು ಔಷಧಿ ನುಂಗದಿದ್ದರೆ?”

“ಯಾರೂ ನಿಮ್ಮ ಮನೆಗೆ ಬಂದು ಬಾಯಿ ತೆರೆಸಿ ಮಾತ್ರೆ ಹಾಕುವ ಹಾಗಿಲ್ಲ. ಆದರೆ ಆದೇಶ ಮುರಿದರೆ ಪೊಲೀಸರು ನಿಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು. ಅಲ್ಲಿ ಏನಾಗುತ್ತದೆ ಅನ್ನುವುದು ಬೇರೆ ಮಾತು.”

“ಅಂದರೆ ಹೆದರಿಸುವುದು.”

ಅವಳು ಮೂಗು ಒರೆಸಿಕೊಂಡಳು. “ಹೌದು, ಹಾಗೂ ಹೇಳಬಹುದು. ಹೆದರಿಕೆಯ ಜೊತೆಗೆ ನಿಮಗೆ ಚಿಕಿತ್ಸೆ ಒದಗಿಸಬೇಕೆಂದು ಕೌಂಟಿಗೂ ಆದೇಶ ಆಗುತ್ತದೆ. ಕೆಲವರಿಗೆ ಅದೇ ಉಪಯೋಗಕ್ಕೆ ಬಂದಿದೆ. ಆದರೆ ನಾನು ಅವರ ಕಡೆಯವಳಲ್ಲ, ನಿಮ್ಮ ಕಡೆಯವಳು. ಬೇಡ ಅಂದರೆ ಬೇಡ ಅಂತಲೇ ವಾದಿಸುತ್ತೇನೆ.”

ಬೇಡ ಎಂದೆ. ಇನ್ನೊಬ್ಬ ಡಾಕ್ಟರರ ತಪಾಸಣೆಯನ್ನೂ ಕೇಳಿದೆವು. ಬಂದವರು ವಯಸ್ಸಾದ ಹೆಂಗಸು. ನನ್ನ ಕಾಲು ಕೈಗಳ ಬಗ್ಗೆ ಇಡೀ ಒಂದು ಗಂಟೆ ವಿಚಾರಿಸಿದರು. ನನಗೆ ಚಿಕಿತ್ಸೆಯ ಅಗತ್ಯವಿದೆ ಎಂದೇ ಅವರೂ ಬರೆದರು. ಆದರೆ ಚಡಪಡಿಕೆ ಆ ಔಷಧಿಯದೇ ಅಡ್ಡ ಪರಿಣಾಮ, ಅದನ್ನು ರೋಗಿಯ ಹಟವೆಂದು ತಿಳಿಯಬಾರದು ಎಂದೂ ಬರೆದರು. ಆ ಸಾಲನ್ನು ವಕೀಲೆ ಓದಿ ಹೇಳಿದಾಗ ಅತ್ತುಬಿಟ್ಟೆ.

ವಿಚಾರಣೆ ವಿಡಿಯೋದಲ್ಲೇ ಆಗಬಹುದು ಎಂದಿದ್ದರು. ಕ್ಯಾಮೆರಾ ಬೇಡ ಎಂದೆ. ಹೀಗಾಗಿ ಒಂದು ಬೆಳಿಗ್ಗೆ ಎಲ್ಲರೂ ಕೌಂಟಿ ಕೋರ್ಟಿನಲ್ಲಿ ಸೇರಿದೆವು. ಸಿನಿಮಾದ ಕೋರ್ಟಿನಂತಿರಲಿಲ್ಲ, ದೊಡ್ಡದೊಂದು ಮೀಟಿಂಗ್ ರೂಮಿನಂತಿತ್ತು. ತಮ್ಮ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನ ಹೆಂಡತಿ ಕಪ್ಪು ಕೋಟು ಹಾಕಿ, ಹಣೆಗೆ ಸಣ್ಣ ಬಿಂದಿಯಿಟ್ಟು, ಸಾಕ್ಷಿಯ ಕುರ್ಚಿಯಲ್ಲಿ ಕೂತು ಪ್ರಮಾಣ ಮಾಡಿದಳು.

ಅರ್ಜಿಯ ಪರವಾಗಿ ವಾದಿಸುವ ಕೌಂಟಿಯ ವಕೀಲರು ಕೇಳಿದ್ದಕ್ಕೆಲ್ಲ ಅವಳು ಧಾರವಾಡದ ಇಂಗ್ಲಿಷಿನಲ್ಲಿ, ಒಂದೊಂದೇ ವಾಕ್ಯ ಜೋಡಿಸಿ, ನೇರವಾಗಿ ಉತ್ತರಿಸಿದಳು. ಹೋದ ಜನವರಿಯದನ್ನು ಹೇಳಿದಳು. ನೀಲಿ ಬೆರಳುಗಳನ್ನು ಹೇಳಿದಳು. ಒಂದು ಮಾತನ್ನೂ ಹಿಗ್ಗಿಸಲಿಲ್ಲ. ಹಿಗ್ಗಿಸಿದ್ದರೆ ನನಗೆ ದ್ವೇಷಿಸಲು ಸುಲಭವಾಗುತ್ತಿತ್ತು.

ಆಮೇಲೆ ನನ್ನ ವಕೀಲೆ ಎದ್ದಳು.

“ಇಂಜೆಕ್ಷನ್ ಯಾಕೆ ನಿಲ್ಲಿಸಿದಿರಿ ಎಂದು ಅವರನ್ನು ನೀವು ಯಾವತ್ತಾದರೂ ಕೇಳಿದ್ದಿರಾ?”

“ಇಲ್ಲ” ಎಂದಳು.

“ನಿಮ್ಮ ಗಂಡ?”

“ಇಲ್ಲ. ಯಾರೂ ಕೇಳಲಿಲ್ಲ.”

ವಕೀಲೆ ಡಾಕ್ಟರರ ವರದಿಯಿಂದ ಆ ಭಾಗವನ್ನು ಓದಿದಳು: ಕೂರಲಾಗದ್ದು, ಉಣ್ಣಲಾಗದ್ದು, ನಡುಗುವ ಕೈ. ಓದು ಮುಗಿಯುವಷ್ಟರಲ್ಲಿ ಸಾಕ್ಷಿಯ ಕುರ್ಚಿಯಲ್ಲಿದ್ದವಳು ನನ್ನ ಕಡೆಗೇ ತಿರುಗಿಬಿಟ್ಟಿದ್ದಳು. ಕೋರ್ಟೆಂಬುದನ್ನು ಮರೆತು ಕನ್ನಡದಲ್ಲಿ ಕೇಳಿದಳು: “ಅಕ್ಕಾರ, ಅಷ್ಟು ತ್ರಾಸ ಆಗತಿತ್ತೇನ್ರಿ? ನಂಗ್ಯಾಕ ಹೇಳಲಿಲ್ಲ?”

ಜಡ್ಜ್ ಅವಳನ್ನು ತಡೆದರು. ನರೆತ ಗಡ್ಡದ, ದಣಿದ ಮುಖದ ಮನುಷ್ಯ. ಅವಳೇನು ಹೇಳಿದಳು ಎಂದು ನನ್ನನ್ನೇ ಕೇಳಿದರು. ನನ್ನ ವಿರುದ್ಧದ ಸಾಕ್ಷಿಯ ಮಾತನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ‘ತ್ರಾಸ’ಕ್ಕೆ ಸರಿಯಾದ ಪದ ಸಿಗದೆ ಒಂದು ಕ್ಷಣ ತಡವರಿಸಿದೆ.

ಬಳಿಕ ಅವರು ನನ್ನನ್ನು ವಿಚಾರಿಸಿದರು. “ಸ್ಮೋಕ್ ಅಲಾರಂಗಳು ನಿಮ್ಮ ಮಾತು ಕೇಳಿಸಿಕೊಳ್ಳುತ್ತವೆ ಎಂದು ನೀವು ನಂಬುತ್ತೀರಾ?”

“ಸೆನ್ಸರ್ ಪರೀಕ್ಷಿಸುವುದು ನನ್ನ ಕಸುಬು. ತಾಂತ್ರಿಕವಾಗಿ ಸಾಧ್ಯ” ಎಂದೆ.

ಕೋರ್ಟಿನ ಗುಮಾಸ್ತೆ ನಗು ತಡೆದುಕೊಂಡಳು. ಜಡ್ಜ್ ನಗಲಿಲ್ಲ. “ಸಾಧ್ಯವೇ ಎಂದು ಕೇಳಲಿಲ್ಲ. ನಂಬುತ್ತೀರಾ?”

“ಕೆಲವು ದಿನ” ಎಂದೆ.

ನನಗೆ ಹೇಳುವುದಿದ್ದರೆ ಹೇಳಬಹುದು ಎಂದರು. ಎದ್ದು ನಿಂತೆ. “ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟರೆ ಡೆಪ್ಯುಟಿ ಬರುವುದಿಲ್ಲ. ನಾನು ಯಾರಿಗೂ ಕೆಡುಕು ಮಾಡಿಲ್ಲ. ಔಷಧಿ ಬೇಡವೆಂದಿಲ್ಲ, ಆ ಔಷಧಿ ಬೇಡ ಎಂದೆ. ಎರಡಕ್ಕೂ ವ್ಯತ್ಯಾಸವಿದೆ, ಅದನ್ನು ಯಾರೂ ಕೇಳಲಿಲ್ಲ.” ಹೇಳುತ್ತಿದ್ದಂತೆ ನನಗೇ ಹೊಸದಾಗಿ ಕೇಳಿಸಿತು. ಔಷಧಿಯೇ ಬೇಡ ಎಂದು ವಾದಿಸಲು ಬಂದವಳು, ಬಾಯಿ ತೆರೆದಾಗ ಹೇಳಿದ್ದು ಇದು.

“ನಿಮ್ಮ ಹೋಲಿಕೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ” ಎಂದರು ಜಡ್ಜ್. “ಆದರೆ ಹೋದ ಚಳಿಗಾಲಕ್ಕೂ ನಿಮ್ಮಲ್ಲಿ ಪೂರ್ತಿ ಉತ್ತರವಿಲ್ಲ.” ಆರು ತಿಂಗಳ ಆದೇಶ ಮಾಡಿದರು. ಆದರೆ ಆ ಇಂಜೆಕ್ಷನ್ ಇಲ್ಲ. ಮಾತ್ರೆ, ಅದೂ ನನ್ನೊಡನೆ ಮಾತಾಡಿ ಆರಿಸಿದ್ದು. ಅಡ್ಡ ಪರಿಣಾಮ ಹೇಳಿಕೊಂಡರೆ ಡಾಕ್ಟರರು ತಡಮಾಡದೆ ನೋಡಬೇಕು. ಚಿಕಿತ್ಸೆಯ ಉಸ್ತುವಾರಿ ನೋಡುವ ಕೇಸ್ ವರ್ಕರ್ ವಾರಕ್ಕೊಮ್ಮೆ ಬಂದು ಹೋಗಬೇಕು. ನಾನು ಸೋತೆ. ಪೂರ್ತಿ ಸೋಲಲಿಲ್ಲ.

ಹೊರಗಿನ ಕಾರಿಡಾರಿನಲ್ಲಿ ಅವಳು ಹತ್ತಿರ ಬಂದಳು. ನಾನು ಲಿಫ್ಟಿನ ಕಡೆ ನಡೆದುಬಿಟ್ಟೆ.

ಚಳಿಗಾಲವೆಲ್ಲ ಅವಳೊಡನೆ ಮಾತಾಡಲಿಲ್ಲ. ಶನಿವಾರದ ಡಬ್ಬಿ ಮಾತ್ರ ನಿಲ್ಲಲಿಲ್ಲ. ಬಾಗಿಲ ಮುಂದಿಟ್ಟು, ಬೆಲ್ ಒತ್ತಿ, ನಾನು ತೆರೆಯುವ ಮೊದಲೇ ಕಾರು ಹತ್ತುತ್ತಿದ್ದಳು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಪುಡಿ. ಸಿಟ್ಟಿನಲ್ಲೇ ತಿಂದೆ. ಡಬ್ಬಿ ತೊಳೆದು ಬಾಗಿಲಲ್ಲಿಡುತ್ತಿದ್ದೆ. ಅದೊಂದೇ ನಮ್ಮ ವ್ಯವಹಾರ. ದೇವಸ್ಥಾನದಲ್ಲಿ ಕಂಡ ಆಂಟಿಯೊಬ್ಬರು ಒಂದು ಶಾಂತಿ ಮಾಡಿಸಿ ಎಂದರು. ಇನ್ನೊಬ್ಬರು ದನಿ ತಗ್ಗಿಸಿ, “ಸ್ವಂತದವರೇ ಹೀಗ್ ಮಾಡಿದ್ರೆ ಏನ್ ಮಾಡೋದು ಹೇಳಿ” ಎಂದು ಸಹಾನುಭೂತಿ ತೋರಿಸಿದರು. ಆಗ ಆ ಸಹಾನುಭೂತಿ ಹಿತವಾಗಿತ್ತು.

ಹೊಸ ಮಾತ್ರೆ ನಿಧಾನ. ಮೊದಲು ಬರೀ ನಿದ್ದೆ. ಕೇಸ್ ವರ್ಕರ್ ಡೆಟ್ರಾಯಿಟಿನ ದೊಡ್ಡ ದನಿಯ ಹೆಂಗಸು. ನಿದ್ದೆಯ ವಿಷಯ ಹೇಳಿದ ಎರಡನೆಯ ವಾರಕ್ಕೇ ಡಾಕ್ಟರರೊಡನೆ ಜಗಳವಾಡಿ ಪ್ರಮಾಣ ಕಡಿಮೆ ಮಾಡಿಸಿದಳು. ಆದೇಶ ನನ್ನನ್ನು ಕಟ್ಟಿತ್ತು, ಅವರನ್ನೂ ಕಟ್ಟಿತ್ತು. ಇದು ನನಗೆ ಹೊಸ ಅನುಭವ. ನನ್ನ ಇಷ್ಟದಂತೆ ಚಿಕಿತ್ಸೆಗೆ ಹೋಗುತ್ತಿದ್ದಾಗ ನನ್ನ ಕಾಲಿನ ಗೋಳು ಯಾರಿಗೂ ಬೇಕಿರಲಿಲ್ಲ. ಬಲವಂತವಾದ ಮೇಲೆ ಕೇಳುವವರು ಬಂದರು. ಇದು ಬಲವಂತವನ್ನು ಹೊಗಳುವ ಮಾತಲ್ಲ. ಬಲವಂತವಿಲ್ಲದೆಯೇ ಅಷ್ಟು ಕೇಳಿದ್ದರೆ ಬಲವಂತ ಬೇಕಾಗುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಫೆಬ್ರವರಿಯ ಒಂದು ಭಾನುವಾರ, ಬಿಚ್ಚಿಟ್ಟಿದ್ದ ಅಲಾರಂಗಳಲ್ಲಿ ಒಂದನ್ನು ಅಡುಗೆಮನೆಯ ಮೇಜಿಗೆ ತಂದು ಬಿಚ್ಚಿದೆ. ಲ್ಯಾಬಿನಲ್ಲಿ ಹೇಗೆ ನೋಡುತ್ತೇನೋ ಹಾಗೆಯೇ ನೋಡಿದೆ. ಹೊಗೆ ಹಿಡಿಯುವ ಕೋಣೆ, ಚಿಕ್ಕ ಸರ್ಕ್ಯೂಟು, ಕೂಗುವ ಬಿಲ್ಲೆ. ಕೂಗುವ ಬಿಲ್ಲೆಯನ್ನು ಕೇಳಿಸಿಕೊಳ್ಳಲೂ ಬಳಸಬಹುದು ಎಂದು ನನ್ನೊಳಗಿನ ಎಂಜಿನಿಯರ್ ನೆನಪಿಸಿದಳು. ತಂತಿಯ ಜಾಡು ಹಿಡಿದು ಹೋದೆ. ಹಾಗೆ ಬಳಸಿರಲಿಲ್ಲ. ಮತ್ತೊಮ್ಮೆ ನೋಡಿದೆ. ಬಳಸಿರಲಿಲ್ಲ. ಇದೇ ಪರೀಕ್ಷೆಯನ್ನು ವರ್ಷದ ಹಿಂದೆ ಯಾಕೆ ಮಾಡಲಿಲ್ಲ? ಆಗ ಗೊತ್ತಿತ್ತು; ಗೊತ್ತಿರುವುದನ್ನು ಯಾರೂ ಪರೀಕ್ಷಿಸುವುದಿಲ್ಲ. ಔಷಧಿ ನನ್ನ ತಲೆಗೆ ಸತ್ಯವನ್ನು ತುಂಬಲಿಲ್ಲ. ಕೂತು ನೋಡುವಷ್ಟು ಬಿಡುವು ಕೊಟ್ಟಿತು, ಜೊತೆಗೆ ನಡುಗದ ಕೈ. ಏಣಿ ತಂದು ಎಲ್ಲವನ್ನೂ ನಾನೇ ಮೇಲೇರಿಸಿದೆ. ಮಾರ್ಚ್‌ನಲ್ಲಿ ಅರ್ಧ ದಿನದ ಕೆಲಸಕ್ಕೆ ಮರಳಿದೆ.

ಏಪ್ರಿಲ್ ಕೊನೆಯಲ್ಲಿ ಚಿಕ್ಕಮ್ಮನ ಮಗ ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಹೊಸ ಮನೆ ಕೊಂಡ. ಗೃಹಪ್ರವೇಶಕ್ಕೆ ಬರಲೇಬೇಕು ಎಂದ. ತಮ್ಮ ಫೋನ್ ಮಾಡಿ, “ಅಕ್ಕ, ಒಂದೇ ಕಾರಲ್ಲಿ ಹೋಗೋಣ್ವಾ?” ಎಂದು ಹೆದರುತ್ತ ಕೇಳಿದ. ಬೇರೆ ಹೋಗುವ ಶಕ್ತಿ ನನಗಿರಲಿಲ್ಲ, ಒಪ್ಪಿದೆ. ಐದು ಗಂಟೆಯ ದಾರಿ. ಹಿಂದಿನ ಸೀಟಿನಲ್ಲಿ ಕೂತು ಕಿಟಕಿ ನೋಡಿದೆ. ಮುಂದಿನ ಸೀಟಿನಲ್ಲಿದ್ದವಳು ನಮ್ಮ ಮಿಷಿಗನ್ ರಾಜ್ಯ ದಾಟುವ ತನಕ ಒಂದು ಮಾತೂ ಆಡಲಿಲ್ಲ. ಪಕ್ಕದ ಇಂಡಿಯಾನಾದಲ್ಲಿ ಹಿಂದಕ್ಕೆ ಕೈ ಚಾಚಿ ಕೋಡುಬಳೆಯ ಡಬ್ಬಿ ಕೊಟ್ಟಳು. ತೆಗೆದುಕೊಂಡೆ.

ಹೋಮ ಮುಗಿದು ಊಟದ ಹೊತ್ತು. ಬೇಸ್‌ಮೆಂಟಿನಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ತಮ್ಮನ ಹೆಂಡತಿ ಪಾಯಸ ಬಡಿಸುತ್ತಿದ್ದಳು. ಚಿಕ್ಕಮ್ಮನ ಪರಿಚಯದ ಆಂಟಿಯೊಬ್ಬರು ಲೋಟ ಮುಂದೆ ಮಾಡಿ, ಪಕ್ಕದವರಿಗೂ ಕೇಳುವ ಹಾಗೆ ಅಂದರು: “ನಿಮ್ಮ ಅತ್ತಿಗೇನ ಕೋರ್ಟಿಗೆ ಹಾಕಿದ್ದು ನೀವೇ ಅಲ್ವಾ? ಧೈರ್ಯ ಕಣಮ್ಮ ನಿಮ್ದು.”

ಅವಳ ಸೌಟು ಲೋಟದ ಮೇಲೇ ನಿಂತಿತು. ಮುಖ ಬಿಳಿಚಿಕೊಂಡಿತು. ಎರಡು ಕುರ್ಚಿ ಆಚೆ ನಾನಿದ್ದೆ. ಚಳಿಗಾಲವಿಡೀ ಈ ಮಾತನ್ನು ಎಷ್ಟು ಮನೆಗಳಲ್ಲಿ, ಎಷ್ಟು ಸಲ ಇವಳು ಕೇಳಿಸಿಕೊಂಡಿರಬೇಕು ಎಂದು ಆ ಕ್ಷಣದಲ್ಲಿ ಹೊಳೆಯಿತು. ನನಗೆ ಸಿಕ್ಕಿದ್ದ ಸಹಾನುಭೂತಿಯೆಲ್ಲ ಇವಳ ಖರ್ಚಿನಲ್ಲಿ ಸಿಕ್ಕಿತ್ತು.

“ಹೌದು ಆಂಟಿ, ಅವಳೇ” ಎಂದೆ. “ಆ ಅತ್ತಿಗೆ ನಾನೇ. ಕೋರ್ಟಲ್ಲಿ ನಾನು ಅವಳ ವಿರುದ್ಧ ನಿಂತೆ, ಈಗಲೂ ಅವಳು ಮಾಡಿದ್ದನ್ನೆಲ್ಲ ಒಪ್ಪಲ್ಲ. ಆದ್ರೆ ಅದು ನಮ್ಮಿಬ್ಬರ ಜಗಳ. ಹೋದ್ ವರ್ಷ ನಾನು ಮನೇಲಿ ಚಳಿಗೆ ಸಾಯ್ತಿದ್ದೆ, ಬಾಗಿಲು ತೆಗೆದು ಬಂದಿದ್ದು ಇವಳು. ಪಾಯಸ ಹಾಕಿಸ್ಕೊಳಿ, ಆರ್ತಿದೆ.”

ನನ್ನ ಬಾಯಿಂದ ಇಷ್ಟುದ್ದ ಮಾತು ಕೇಳಿ ತಮ್ಮನೇ ಬೆರಗಾಗಿದ್ದ. ಆಂಟಿ ಪಾಯಸ ಹಾಕಿಸಿಕೊಂಡರು.

ವಾಪಸು ಬರುವಾಗ ಮಿಷಿಗನ್ ಗಡಿ ದಾಟಿ ಸಿಗುವ, ಹೆದ್ದಾರಿ ಬದಿಯ ರೆಸ್ಟ್ ಏರಿಯಾದಲ್ಲಿ ತಮ್ಮ ಕಾಫಿ ತರಲು ಹೋದ. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಹುಲ್ಲು ಆಗತಾನೇ ಹಸಿರಾಗಿತ್ತು.

“ನೀನು ಮೊದ್ಲು ನನ್ನನ್ನ ಕೇಳ್ಬೇಕಿತ್ತು” ಎಂದೆ.

“ಹೌದ್ರಿ. ಕೇಳಬೇಕಿತ್ತು. ಕೇಳಿದ್ರ ನೀವು ಬಾಗಲಾ ಹಾಕ್ಕೋತೀರಿ ಅಂತ ಅಂಜಿಕಿ ಆತು.” ಕಣ್ಣೊರೆಸಿಕೊಂಡು ಮುಂದುವರಿಸಿದಳು. “ನೀವು ಬೇಕಾದಷ್ಟು ಸಿಟ್ಟ ಮಾಡ್ಕೋರಿ ಅಕ್ಕಾರ, ಆದ್ರ ಇರ್ರಿ. ಅಷ್ಟ ಅನಕೊಂಡೆ.”

“ಹಾಕ್ಕೊತಿದ್ನೋ ಏನೋ” ಎಂದೆ. ಅದು ನಿಜ. ಆಗಿನ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆನೇ, ಕಾಲಿನ ಸಂಕಟ ಹೇಳಿಕೊಳ್ಳುತ್ತಿದ್ದೆನೇ, ಇವತ್ತಿಗೂ ಗೊತ್ತಿಲ್ಲ. ಕೇಳಿ ನೋಡಿದ್ದರೆ ಗೊತ್ತಾಗುತ್ತಿತ್ತು. ಅವಳು ಅಳುತ್ತಿದ್ದಳು, ನಾನು ಬೆನ್ನ ಮೇಲೆ ಕೈಯಿಟ್ಟೆ. ತಮ್ಮ ಕಾಫಿ ಹಿಡಿದು ಬಂದವನು ನಮ್ಮನ್ನು ನೋಡಿ, ಏನೋ ಮರೆತವನ ಹಾಗೆ ಮತ್ತೆ ಒಳಗೆ ಹೋದ.

ಆದೇಶದ ಅವಧಿ ಮುಗಿಯುವ ಹೊತ್ತಿಗೆ, ಮುಂದುವರಿಸಲು ಕೇಳಬೇಕೇ ಎಂದು ಡಾಕ್ಟರರು ನನ್ನೆದುರೇ ಚರ್ಚಿಸಿದರು. ಬೇಡವೆಂದಾಯಿತು. ಅದು ಮುಗಿದ ಮರುದಿನ ಬೆಳಿಗ್ಗೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದೆ. ಈಗ ಯಾರೂ ಹೇಳುವವರಿಲ್ಲ. ನುಂಗಿದೆ. ಕಾನೂನಿಗೆ ಹೆದರಿ ನುಂಗಿದಾಗಲೂ ಅದರ ರುಚಿ ಹಾಗೇ ಇತ್ತು, ಆದರೆ ಆ ಬೆಳಗಿನದು ನನ್ನದಾಗಿತ್ತು.

ಬೇಸಿಗೆಯಲ್ಲಿ ನನ್ನ ವಕೀಲೆಯನ್ನು ಮತ್ತೆ ಕಂಡೆ, ಈ ಸಲ ನಾನಾಗಿ. ಮಿಷಿಗನ್ನಿನಲ್ಲಿ ಒಂದು ಏರ್ಪಾಡಿದೆ. ಬುದ್ಧಿ ಸ್ಥಿಮಿತದಲ್ಲಿರುವಾಗಲೇ, ಮುಂದೆ ನನ್ನಿಂದ ತೀರ್ಮಾನ ಮಾಡಲಾಗದ ಹೊತ್ತು ಬಂದರೆ ನನ್ನ ಪರವಾಗಿ ಯಾರು ತೀರ್ಮಾನಿಸಬೇಕು, ಯಾವ ಚಿಕಿತ್ಸೆ ಆಗಬಹುದು, ಯಾವುದು ಕೂಡದು ಎಂದು ನಾನೇ ಬರೆದಿಡಬಹುದು. ಯಾರನ್ನು ಹೆಸರಿಸುತ್ತೀರಿ ಎಂದು ಅವಳು ಕೇಳಿದಾಗ ತಮ್ಮನ ಹೆಂಡತಿಯ ಹೆಸರು ಹೇಳಿದೆ. ವಕೀಲೆ ಪೆನ್ನು ಎತ್ತಿ ನನ್ನ ಮುಖ ನೋಡಿದಳು. “ನನ್ನ ಮೇಲೆ ಅರ್ಜಿ ಹಾಕಿದವಳೇ” ಎಂದೆ. “ತಮ್ಮ ಒಳ್ಳೆಯವನು. ಆದರೆ ಅವನು ಸೈನ್ ಮಾಡುವುದಿಲ್ಲ.”

ತಮ್ಮನಿಗೆ ಮೊದಲು ನೋವಾಯಿತು, ಆಮೇಲೆ ನಿರಾಳವಾಯಿತು. ಅವನೇ ಹಾಗೆಂದ.

ಬರೆಯುವ ಮುನ್ನ ನಾನೂ ಅವಳೂ ಅವರ ಮನೆಯ ಊಟದ ಮೇಜಿನಲ್ಲಿ ಕೂತು ವಾದ ಮಾಡಿದೆವು. ಆ ಇಂಜೆಕ್ಷನ್ ಯಾವ ಕಾರಣಕ್ಕೂ ಕೂಡದು, ಇದಕ್ಕೆ ಅವಳು ತಕ್ಷಣ ಒಪ್ಪಿದಳು. ಏನು ಮಾಡುವ ಮೊದಲೂ ನನ್ನನ್ನು ಎದುರಾಎದುರು ಕೇಳಬೇಕು, ನನ್ನ ಉತ್ತರ ಹುಚ್ಚಾಗಿ ಕಂಡರೂ ಪೂರ್ತಿ ಕೇಳಿಸಿಕೊಳ್ಳಬೇಕು. ಅದಕ್ಕೂ ಒಪ್ಪಿದಳು. ಜಗಳ ಬಂದದ್ದು ಒಂದೇ ವಿಷಯಕ್ಕೆ. ಕಾಯಿಲೆ ಜೋರಾದಾಗ ನಾನು ‘ಇದೆಲ್ಲ ರದ್ದು’ ಎಂದುಬಿಟ್ಟರೆ? ಹಾಗೆಂದರೂ ಅದು ತಕ್ಷಣ ರದ್ದಾಗದೆ ಒಂದು ತಿಂಗಳು ನಡೆಯುವಂತೆ ಮೊದಲೇ ಒಪ್ಪಿ ಸಹಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ.

“ಅದಕ್ಕ ಸೈನ್ ಮಾಡ್ರಿ ಅಕ್ಕಾರ” ಎಂದಳು. “ಇಲ್ಲಾಂದ್ರ ಈ ಕಾಗದಕ್ಕ ಅರ್ಥನ ಇಲ್ಲ.”

“ನನ್ನ ಕೈಯಿಂದಲೇ ನನ್ನ ಬಾಯಿ ಮುಚ್ಚಿಸ್ತೀಯಾ?”

“ಬಾಯಿ ಅಲ್ಲರಿ. ಆ ಹೊತ್ತಿನ ಬಾಯಿ.”

“ಆ ಹೊತ್ತಿನವಳೂ ನಾನೇ. ಅವಳ ಕೈ ನಡುಗ್ತಿತ್ತು ಅಂದ್ರೆ ನಡುಗ್ತಿತ್ತು. ಸುಳ್ಳಾಗಿತ್ತಾ?”

ಅವಳು ಯೋಚಿಸಿದಳು. “ಇಲ್ಲರಿ. ಅದು ಖರೇನ ಇತ್ತು” ಎಂದಳು. ಮೂರು ವಾರ ಇದೇ ವಾದ. ಫೋನಿನಲ್ಲಿ, ಕಾರಿನಲ್ಲಿ, ತರಕಾರಿ ಅಂಗಡಿಯಲ್ಲಿ. ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಇಷ್ಟು ಮಾತಾಡಿರಲಿಲ್ಲ. ಕೊನೆಗೆ ಒಪ್ಪಿದೆ, ಒಂದು ಶರತ್ತಿನೊಡನೆ: ಆ ತಿಂಗಳಲ್ಲಿ ನನ್ನ ದೇಹದ ಬಗ್ಗೆ ನಾನು ಏನೇ ಹೇಳಿದರೂ ಅದನ್ನು ನಿಜವೆಂದೇ ಹಿಡಿದು ಡಾಕ್ಟರರಿಗೆ ಮುಟ್ಟಿಸಬೇಕು. ಅಲಾರಂ ಕೇಳಿಸಿಕೊಳ್ಳುತ್ತದೆ ಎಂದರೆ ನಂಬಬೇಕಾಗಿಲ್ಲ. ಕಾಲು ಚಡಪಡಿಸುತ್ತದೆ ಎಂದರೆ ನಂಬಬೇಕು.

“ಇದನ್ನ ನೀವು ಹೇಳದಿದ್ರೂ ಮಾಡ್ತಿದ್ದೆ” ಎಂದಳು.

“ಬರೆದಿರಲಿ” ಎಂದೆ.

ಬರೆದೆವು. ಮನೆಯವರು ಸಾಕ್ಷಿಯಾಗುವಂತಿಲ್ಲವಾದ್ದರಿಂದ ನನ್ನ ಲ್ಯಾಬಿನ ಇಬ್ಬರು ಸಹೋದ್ಯೋಗಿಗಳು ಸಾಕ್ಷಿ ಹಾಕಿದರು. ಅವರಿಗೆ ನನ್ನ ಕಾಯಿಲೆಯ ಸುದ್ದಿ ಗೊತ್ತಾದದ್ದು ಅವತ್ತೇ. ಒಬ್ಬ ಸಹಿ ಮಾಡಿ, ಪೆನ್ನು ಕೆಳಗಿಟ್ಟು, ತನ್ನ ಅಣ್ಣನಿಗೂ ಇಂಥದೊಂದು ಬೇಕಿತ್ತು, ಎಲ್ಲಿ ಸಿಗುತ್ತದೆ ಎಂದು ಕೇಳಿದ. ವಕೀಲೆಯ ನಂಬರ್ ಕೊಟ್ಟೆ. ಆಮೇಲೆ ತಮ್ಮನ ಹೆಂಡತಿ ಎಲ್ಲರನ್ನೂ ಹತ್ತಿರದ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿದಳು. ಆ ಇಬ್ಬರು ಅಮೆರಿಕನ್ನರಿಗೆ ಮಸಾಲೆ ದೋಸೆ ಕೈಯಲ್ಲಿ ಮುರಿಯುವುದನ್ನು ತೋರಿಸಿಕೊಡುತ್ತ ಅವಳು ಜೋರಾಗಿ ನಗುತ್ತಿದ್ದಳು. ಕೂತಲ್ಲಿಂದ ಏಳದೆ ನಾನು ಎರಡನೆಯ ದೋಸೆಗೆ ಹೇಳಿದೆ.